ಸಾಲಿನ ಪಕ್ಕದ ಹೆಸರು

ಹೊಸಬ ಕೋಡ್‌ನಲ್ಲಿ ಮಾಡಿ ಕಳಿಸಿದ ಬದಲಾವಣೆಯನ್ನು ಪರಿಶೀಲಿಸಬೇಕಾದವಳು ಅವಳು. ಹತ್ತೊಂಬತ್ತು ದಿನವಾದರೂ ತೆರೆದೇ ನೋಡಿರಲಿಲ್ಲ. ಆಫೀಸು ಸೇರಿ ಎರಡು ವರ್ಷವಾಗಿದ್ದರೂ ಅವನು ಎಲ್ಲರ ಬಾಯಲ್ಲಿ ಹೊಸಬನೇ. ಅವಳಿಗಂತೂ ಹಾಗೆ ಕರೆಯುವುದೇ ಕ್ಷೇಮ ಎನಿಸುತ್ತಿತ್ತು.

ಅವರು ಕಟ್ಟುತ್ತಿದ್ದ ಸಾಫ್ಟ್‌ವೇರ್‌ನ ಕೆಲಸ, ಕೋಡ್‌ನ ಚರಿತ್ರೆ ಕಾಯುವುದು. ಯಾವ ಸಾಲನ್ನು ಯಾರು ಬರೆದರು ಎಂದು ಕೇಳಿದರೆ ಪಕ್ಕದಲ್ಲೇ ಹೆಸರು ತೋರಿಸುತ್ತಿತ್ತು. ಆ ಸಾಫ್ಟ್‌ವೇರ್‌ನದೇ ಅರ್ಧದಷ್ಟು ಸಾಲುಗಳ ಪಕ್ಕದಲ್ಲಿದ್ದದ್ದು ಅವಳ ಗಂಡನ ಹೆಸರು. ಅವನು ತೀರಿಕೊಂಡು ನಾಲ್ಕು ವರ್ಷ. ಆದರೂ ಆ ಹೆಸರು ದಿನವಿಡೀ ಸ್ಕ್ರೀನಿನ ಎಡಗಡೆ ಕೂತು ಅವಳನ್ನೇ ನೋಡುತ್ತಿತ್ತು. ನಡುನಡುವೆ ಅವನ ಟಿಪ್ಪಣಿಗಳು ಬೇರೆ: 'ಇಲ್ಲಿ ಕೈಯಿಟ್ಟರೆ ನಾನು ಜವಾಬ್ದಾರನಲ್ಲ.' ಓದಿದಾಗಲೆಲ್ಲ ಬೆನ್ನ ಹಿಂದೆ ಅವನ ದನಿ ಕೇಳಿದಂತಾಗಿ ಅವಳ ಮೈ ಜುಮ್ಮೆನ್ನುತ್ತಿತ್ತು.

ಹೊಸಬ ಕೊಟ್ಟ ಶೀರ್ಷಿಕೆ, 'ಹಳೆಯ ಕೋಡ್ ಓರಣ: ಮೊದಲ ಹಂತ'. ಒಂದು ಸಾಲನ್ನು ಆಚೀಚೆ ಸರಿಸಿದರೂ ಸಾಕು, ಪಕ್ಕದಲ್ಲಿ ಸರಿಸಿದವನ ಹೆಸರು ಬಂದು ಕೂರುತ್ತದೆ. ಗಂಡನನ್ನು ಅಳಿಸಲು ಇವನು ಟೊಂಕ ಕಟ್ಟಿ ನಿಂತಿದ್ದಾನೆ ಎಂದು ಅವಳು ಒಳಗೊಳಗೇ ಕುದಿದಳು. ಇವನ ನಗು ಕಂಡರೆ ತನ್ನ ಮನಸ್ಸು ಕರಗುತ್ತದಲ್ಲ ಎಂಬ ಸಿಟ್ಟೂ ಅದರ ಜೊತೆ ಸೇರಿತ್ತು.

ಮಧ್ಯಾಹ್ನ ಅವನೇ ಕುರ್ಚಿ ಎಳೆದುಕೊಂಡು ಬಂದ.

"ಕೋಪ ನನ್ನ ಮೇಲಾ, ನನ್ನ ಕೋಡ್ ಮೇಲಾ?"

"ಎರಡಕ್ಕೂ ಅಂಥ ವ್ಯತ್ಯಾಸ ಕಾಣಿಸ್ತಿಲ್ಲ."

"ಒಂದ್ಸಲ ಓದಿ. ಆಮೇಲೆ ಬೈಯಿರಿ. ಬೈಸ್ಕೊಳ್ಳೋಕೆ ಅಂತಾನೇ ಬಂದಿದ್ದೀನಿ."

ಓರೆಗಣ್ಣಿನಿಂದ ಅವನನ್ನು ನೋಡಿ ಅವಳು ಅದನ್ನು ತೆರೆದಳು. ಓದುತ್ತ ಹೋದಂತೆ ಮುಖ ಬಿಸಿಯಾಯಿತು. ಅವನು ಏನನ್ನೂ ಅಳಿಸಿರಲಿಲ್ಲ. ಸಾಲನ್ನು ಎಲ್ಲಿಗೆ ಸರಿಸಿದರೂ ಮೊದಲು ಬರೆದವರ ಹೆಸರೇ ಉಳಿಯುವಂತೆ ಮಾಡಿದ್ದ.

"ಅವರ ಹೆಸರು ಹೋಗಬಾರದು ಅಂತ," ಎಂದ ಮೆಲ್ಲಗೆ. "ನೀವು ಅದನ್ನ ನೋಡ್ತಾ ಕೂರೋದನ್ನ ನಾನು ನೋಡಿದ್ದೀನಿ."

ಅಭ್ಯಾಸಬಲದಿಂದ ಅವಳ ಕೈ ಆ ಬದಲಾವಣೆಯನ್ನು ಓಡಿಸಿ ನೋಡಿತು. ಆರು ತಿಂಗಳ ಹಿಂದೆ ಹೊಸಬ ಪೂರ್ತಿ ಹೊಸದಾಗಿ ಬರೆದ ನಲವತ್ತು ಸಾಲುಗಳು ಸ್ಕ್ರೀನಿಗೆ ಬಂದವು. ಅವುಗಳ ಪಕ್ಕದಲ್ಲೂ ಗಂಡನ ಹೆಸರು. ಸತ್ತವನು ಇನ್ನೂ ಬರೆಯುತ್ತಲೇ ಇದ್ದಾನೆ ಎನಿಸಿ ಅವಳಿಗೆ ಮೊದಲ ಬಾರಿ ನಿಜಕ್ಕೂ ಭಯವಾಯಿತು.

"ಇದು ನೀವು ಬರೆದಿದ್ದಲ್ವಾ?"

"ಹೌದು. ಅವರ ಸಾಲುಗಳ ಮಧ್ಯೆ ಸೇರಿಸಿದ್ದಕ್ಕೂ ಅವರ ಹೆಸರೇ ಬರ್ತಿದೆ. ಆ ತಪ್ಪು ಕಣ್ಣಿಗೆ ಬಿತ್ತು. ಇರಲಿ ಅಂತ ಬಿಟ್ಟೆ."

"ಯಾಕೆ?"

"ನಿಮಗೆ ಅವರ ಹೆಸರು ಕಂಡ್ರೆ ಸಾಕು. ನನಗೆ ನಿಮ್ಮ ಹತ್ರ ಹೀಗೆ ಕೂತ್ರೆ ಸಾಕು."

ಅವಳು ಆ ನಲವತ್ತು ಸಾಲುಗಳನ್ನು ಮತ್ತೊಮ್ಮೆ ಓದಿದಳು. ಕೋಡ್‌ನ ಚರಿತ್ರೆಯಲ್ಲಿ ಇಷ್ಟೇ ಇಷ್ಟು ಸುಳ್ಳು ಸೇರಿದರೂ ಗಂಡ ಸಿಡಿಮಿಡಿಗೊಳ್ಳುತ್ತಿದ್ದ. ಅವನ ಹೆಸರಲ್ಲಿ ಇನ್ನೊಬ್ಬರ ಬದುಕನ್ನು ಮುಚ್ಚಿಡುವುದು ಪ್ರೀತಿಯಲ್ಲ ಎಂದು ಅವಳಿಗೆ ಅನಿಸಿತು. ನೋವಾಯಿತು, ಹಗುರವೂ ಆಯಿತು. ಪರಿಶೀಲಕರ ಅಭಿಪ್ರಾಯದ ಜಾಗದಲ್ಲಿ ಟೈಪ್ ಮಾಡಿದಳು: 'ಒಪ್ಪಿಗೆ ಇಲ್ಲ. ಬರೆದವರು ಯಾರೋ ಅವರ ಹೆಸರೇ ಬರಬೇಕು. ತಿದ್ದಿ ಕಳಿಸಿ.'

ಅವನ ಮುಖ ಬಾಡಿತು. "ಬೇಡ ಅಂತೀರಾ?"

"ತಿದ್ದು ಅಂತಿದ್ದೀನಿ. ನಿನ್ನ ಹೆಸರೂ ನನಗೆ ಅಲ್ಲಿ ಕಾಣಬೇಕು."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವನು ಅಲ್ಲೇ ತಿದ್ದಲು ಶುರುಮಾಡಿದ. ಸರಿಯಾಯಿತೇ ಎಂದು ಪರೀಕ್ಷಿಸುವ ಸಾಲಿನಲ್ಲಿ, ಬರಬೇಕಾದ ಹೆಸರು ಎಂಬಲ್ಲಿ ತನ್ನದನ್ನು ಟೈಪ್ ಮಾಡುವಾಗ ಎರಡು ಸಲ ಸ್ಪೆಲ್ಲಿಂಗ್ ತಪ್ಪಿದ. ಮೂರನೆಯ ಸಲ ಅವಳೇ ಅಕ್ಷರ ಹೇಳಿಕೊಟ್ಟಳು.