ಬಾಯಲ್ಲಿ ಇಲ್ಲದವಳು

“ಸರ್, ಈ ಬೀದೀಲಿ ಏನು ಬೇಕಾದ್ರೂ ಮುಚ್ಚಿಡಿ. ಮನೆಯವರನ್ನ ಮಾತ್ರ ಮುಚ್ಚಿಡಬೇಡಿ.”

ಮನೆ ತೋರಿಸಲು ಬಂದ ದಲ್ಲಾಳಿ ಬೀಗದ ಕೈಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೀಗೆಂದಾಗ ತೂಕದ ಸಾಹೇಬನಿಗೆ ನಗು ತಡೆಯಲಾಗಲಿಲ್ಲ. ದಲ್ಲಾಳಿ ಎಚ್ಚರಿಕೆ ಕೊಡುವುದೆಂದರೆ ಬೆಕ್ಕೇ ಬಂದು ಹಾಲಿಗೆ ತಟ್ಟೆ ಮುಚ್ಚಿದ ಹಾಗೆ.

ತೂಕದ ಸಾಹೇಬ ಎನ್ನುವುದು ಕಚೇರಿಯವರು ಇಟ್ಟ ಅಡ್ಡಹೆಸರು. ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷೆ ಮಾಡಿ, ಇದು ಇಷ್ಟು ಭಾರ ಹೊರುತ್ತದೆ ಎಂದು ಸಹಿ ಹಾಕುವುದು ಅವನ ಉದ್ಯೋಗ. ಕಬ್ಬಿಣದ ಗಟ್ಟಿಗಳನ್ನು ಹೇರಿ ನೋಡುವ ತನಕ ಯಾವ ಹಗ್ಗವನ್ನೂ, ಯಾವ ಮಾತನ್ನೂ ಅವನು ನಂಬಿದವನಲ್ಲ. ದೊಡ್ಡ ನಗರಕ್ಕೆ ವರ್ಗವಾಗಿತ್ತು. ಸಂಸಾರಕ್ಕೆ ಒಪ್ಪುವ ಬಡಾವಣೆ ಹುಡುಕುತ್ತ ವಾರಗಟ್ಟಲೆ ಚಪ್ಪಲಿ ಸವೆಸಿದ್ದ.

“ಯಾಕೆ, ಕಳ್ಳರ ಕಾಟಾನಾ?” ಎಂದು ಕೇಳಿದ.

“ಕಳ್ಳರದ್ದಲ್ಲ ಸರ್, ನೆಲದ್ದು.” ದಲ್ಲಾಳಿ ದನಿ ತಗ್ಗಿಸಿದ. “ಹಿಂದೆ ಇಲ್ಲಿ ಒಬ್ಬ ದೊಡ್ಡ ಮನುಷ್ಯ, ಮನೆಗೆ ಬಂದ ನೆಂಟರ ಮುಂದೆ ಕಟ್ಟಿಕೊಂಡ ಹೆಂಡತೀನೇ ‘ಕೆಲಸದವಳು’ ಅಂದುಬಿಟ್ಟನಂತೆ. ಕಪ್ಪಗಿದ್ದಳು, ಓದಿರಲಿಲ್ಲ, ನಾಚಿಕೆ ಆಯ್ತಂತೆ. ಆಕೆ ಬಾಗಿಲ ಹಿಂದೇನೇ ಇದ್ದಳು. ಬೀದಿಗೇ ಮಾಟ ಮಾಡಿಸಿದಳು. ಬಾಯಿ ಹೊಲಿದ ಗೊಂಬೆ, ತನ್ನ ತಲೆಗೂದಲು ಸುಟ್ಟ ಬೂದಿ, ನಾಲ್ಕು ಮೂಲೆಗೂ ಹೂಳಿಸಿದಳು. ‘ನಿಮ್ಮ ಬಾಯಲ್ಲಿ ಇಲ್ಲದವರು ನಿಮ್ಮ ಮನೇಲೂ ಇಲ್ಲದೆ ಹೋಗಲಿ’ ಅಂತ ಶಾಪ. ಬೀದಿ ತುದೀಲಿ ಗಂಟಜ್ಜಿ ಅಂತ ಇದ್ದಾಳೆ. ಎಷ್ಟು ಜನ ಅಂತ ಕೇಳ್ತಾಳೆ, ತಲೆಗೊಂದು ಗಂಟು ಹಾಕಿ ದಾರ ಹೂಳ್ತಾಳೆ. ನಿಜ ಹೇಳಿ, ಅಷ್ಟೇ ಸಾಕು. ಏನೂ ಆಗಲ್ಲ.”

“ನಿಮ್ಮ ಕಮಿಷನ್ನಿಗೂ ಒಂದು ಗಂಟು ಹಾಕಿಸಬೇಕಾ?” ಎಂದು ಸಾಹೇಬ ನಕ್ಕ. ದಲ್ಲಾಳಿ ನಗಲಿಲ್ಲ. ಅದೊಂದೇ ಸ್ವಲ್ಪ ವಿಚಿತ್ರವಾಗಿತ್ತು.

ಬಡಾವಣೆ ಮಾತ್ರ ಚಿತ್ರ ಬರೆದಿಟ್ಟ ಹಾಗಿತ್ತು. ಅಗಲವಾದ ಬೀದಿ, ಎರಡೂ ಕಡೆ ಮರ, ಕೂಗಳತೆಯಲ್ಲಿ ಶಾಲೆ, ಹುಲ್ಲು ಕತ್ತರಿಸಿದ ಪಾರ್ಕು. ಮಕ್ಕಳು ಸಾಲಾಗಿ ಸೈಕಲ್ ಹೊಡೆಯುತ್ತಿದ್ದರು. ಒಂದು ಮಗುವೂ ರಚ್ಚೆ ಹಿಡಿದಿರಲಿಲ್ಲ. ಯಾವ ಜಗಲಿಯ ಮೇಲೂ ಗೊಣಗುವ ಮುದುಕರಿಲ್ಲ, ಯಾವ ಕಿಟಕಿಯಿಂದಲೂ ಜಗಳದ ಸದ್ದಿಲ್ಲ. ಸಂಸಾರವಂದಿಗರಿಗೆ ಹೇಳಿ ಮಾಡಿಸಿದ ಜಾಗ ಎಂದು ಅವನಿಗೆ ಅನಿಸಿತು. ಅಷ್ಟು ಸಂಸಾರಗಳಲ್ಲಿ ಒಂದರಲ್ಲೂ ಒಂದು ಓರೆಕೋರೆ ಯಾಕಿಲ್ಲ ಎಂದು ಕೇಳಬೇಕೆಂದು ಮಾತ್ರ ಅನಿಸಲಿಲ್ಲ.

ಓರೆಕೋರೆ ಅವನ ಮನೆಯಲ್ಲಿತ್ತು. ಅಂದರೆ, ಅದು ಓರೆಕೋರೆ ಎಂದು ತಿಳಿದವನು ಅವನೊಬ್ಬನೇ. ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಅರಳು ಹುರಿದಂತೆ ಮಾತಾಡುವವಳು. ದೊಡ್ಡವಳಿಗೆ ಹನ್ನೆರಡು ತುಂಬಿದ್ದರೂ ಮಾತು ಬಂದಿರಲಿಲ್ಲ. ಒಂದೇ ಎಳೆಯಲ್ಲಿ ಗಟ್ಟಿಯಾಗಿ ಗುನುಗುತ್ತಿದ್ದಳು, ಖುಷಿಯಾದರೆ ಕಿರುಚುತ್ತಿದ್ದಳು, ಹೊಸಬರು ಕಂಡರೆ ಹತ್ತಿರ ಹೋಗಿ ಅವರ ತೋಳು ಮೂಸಿ ನೋಡುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಸಾಹೇಬ ಅವಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಪ್ರೀತಿ ಇರಲಿಲ್ಲವೆಂದಲ್ಲ. ನಾಚಿಕೆ ಪ್ರೀತಿಗಿಂತ ಒಂದು ಹೆಜ್ಜೆ ಮುಂದೆ ಓಡಿ ಬಾಗಿಲು ತೆರೆಯುತ್ತಿತ್ತು.

ಹೆಂಡತಿಗೆ ಬೇರೊಂದು ಬಡಾವಣೆ ಹಿಡಿಸಿತ್ತು. ರೈಲು ಹಳಿಯ ಪಕ್ಕ, ಧೂಳು, ಗಲಾಟೆ, ಒಂದರ ಮೇಲೊಂದು ಮನೆ. ಅಲ್ಲಿನ ಮನೆಯೊಡತಿ ದೊಡ್ಡವಳ ವಿಷಯ ಕೇಳಿ, “ಕೂಗಿಕೊಳ್ಳಲಿ ಬಿಡಮ್ಮ, ಇಲ್ಲಿ ರೈಲೇ ಕೂಗುತ್ತೆ” ಎಂದಿದ್ದಳು. ಸಾಹೇಬ ಒಪ್ಪಲಿಲ್ಲ. ಅಂಥ ಕಡೆ ಇದ್ದೇನೆಂದು ಕಚೇರಿಯಲ್ಲಿ ಹೇಳುವುದು ಹೇಗೆ? ಬೇರೆ ಕಡೆಗಳಲ್ಲಿ ನಿಜ ಹೇಳಿ ಕೈಸುಟ್ಟುಕೊಂಡಿದ್ದ. ಒಂದು ಕಡೆ ಮೇಲಿನ ಮನೆಯವರ ನಿದ್ದೆ ಸೂಕ್ಷ್ಮವಂತೆ, ಇನ್ನೊಂದು ಕಡೆ ಇದ್ದಕ್ಕಿದ್ದಂತೆ ಯಜಮಾನರ ತಮ್ಮನೇ ಮನೆಗೆ ಬರುತ್ತಾನಂತೆ. ಈ ಮನೆ ಕೈತಪ್ಪಬಾರದು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಸಾಮಾನಿನ ಲಾರಿ ಬಂದ ದಿನ ದೊಡ್ಡವಳು ಚಿಕ್ಕಮ್ಮನ ಮನೆಯಲ್ಲಿದ್ದಳು. ಗಂಟಜ್ಜಿ ಕಪ್ಪು ದಾರ ಹಿಡಿದು ಬಂದಳು. ಅವಳ ಸೆರಗಿನಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಹಿಂದೆ ಅಕ್ಕಪಕ್ಕದವರು, ಎದುರು ಮನೆಯ ನಿವೃತ್ತ ಹೆಡ್‌ಮಿಸ್ ಕೂಡ, ಇಸ್ತ್ರಿ ಮುರಿಯದ ಬಟ್ಟೆಗಳಲ್ಲಿ ನಗುತ್ತ ನಿಂತಿದ್ದರು.

“ಮನೇಲಿ ಎಷ್ಟು ಜನ ಮಗಾ?”

ಸಾಹೇಬ ಆ ನಗುಮುಖಗಳನ್ನು ನೋಡಿದ. ಎಲುಬಿಲ್ಲದ ನಾಲಿಗೆ ಒಂದು ಕ್ಷಣವೂ ತಡೆಯಲಿಲ್ಲ.

“ಮೂವರು. ನಾನು, ಇವಳು, ನಮ್ಮ ಮಗಳು.”

ಹೆಂಡತಿ ಅವನ ತೋಳು ಚಿವುಟಿದಳು. ಅಜ್ಜಿ ಅವನನ್ನೇ ನೋಡುತ್ತ, “ಇನ್ನೊಂದು ಸಲ ಹೇಳು” ಎಂದಳು. ಅವನು ಇನ್ನೊಂದು ಸಲ ಹೇಳಿದ. ಅಜ್ಜಿ ಮೂರು ಗಂಟು ಹಾಕಿ, ಹೊಸಿಲ ಕೆಳಗೆ ದಾರ ಹೂತು, ಮಣ್ಣನ್ನು ಅಂಗೈಯಿಂದ ಒತ್ತಿ ಹೋದಳು.

“ಯಾಕ್ರೀ ಹಾಗಂದ್ರಿ?” ಒಳಗೆ ಬಂದ ಮೇಲೆ ಹೆಂಡತಿಯ ಕಣ್ಣು ತುಂಬಿತ್ತು.

“ಮೊದಲು ನೆಲೆ ಆಗೋಣ ಕಣೇ. ನಿಧಾನಕ್ಕೆ ಹೇಳಿದ್ರಾಯ್ತು. ದಾರಕ್ಕೆ ಹೆದರ್ತೀಯಾ?”

ಮರುದಿನ ದೊಡ್ಡವಳು ಬಂದಳು. ಕಾರಿನಿಂದ ಇಳಿದವಳೇ ಹೊಸಿಲ ಬಳಿ ನಿಂತು ನೆಲ ಮೂಸಿದಳು. ಗುನುಗು ಥಟ್ಟನೆ ನಿಂತಿತು. ಒಳಗೆ ಬರಲು ಒಪ್ಪದೆ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಳು. ಅಕ್ಕಪಕ್ಕದವರು ನೋಡಿಯಾರೆಂದು ಸಾಹೇಬ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಎಳೆದುಕೊಂಡ.

ಅಂದಿನಿಂದ ಅವಳ ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ. ಎಷ್ಟು ಒರೆಸಿದರೂ ಹೋಗದು. ಅವಳ ಕಿರುಚಾಟ ಕಮ್ಮಿಯಾಯಿತು, ಗುನುಗು ತೆಳುವಾಯಿತು. ಊರು ಹಿಡಿಸಿದೆ, ಸುಧಾರಿಸುತ್ತಿದ್ದಾಳೆ ಎಂದು ಸಾಹೇಬ ಒಳಗೊಳಗೇ ಹಿಗ್ಗಿದ. ಹೌದು, ಹಿಗ್ಗಿದ. ಪಕ್ಕದ ಮನೆಯಾಕೆ ಬಂದು ಸೋಫಾದಲ್ಲಿ ದೊಡ್ಡವಳ ಪಕ್ಕದಲ್ಲೇ ಕೂತು, ಅವಳತ್ತ ಒಮ್ಮೆಯೂ ನೋಡದೆ ಹರಟಿ ಹೋದಾಗ, ಎಂಥ ಸಭ್ಯ ಜನ ಎಂದುಕೊಂಡ.

ಒಂದು ಬೆಳಿಗ್ಗೆ ಊಟದ ಮೇಜಿನ ಬಳಿ ಚಿಕ್ಕವಳು, “ಅಮ್ಮಾ, ನಾವು ಮೂರು ಜನ ಅಲ್ವಾ, ನಾಲ್ಕು ಕುರ್ಚಿ ಯಾಕೆ?” ಎಂದಳು. ಅಕ್ಕ ಆ ಕುರ್ಚಿಯ ಮೇಲೇ ಕೂತಿದ್ದಳು. ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ನೀಲಿ ಫ್ರಾಕೊಂದನ್ನು ಎತ್ತಿ ಹಿಡಿದು, ಹುಬ್ಬು ಗಂಟಿಕ್ಕಿ, “ಇದು ಯಾರದ್ರೀ? ಪಕ್ಕದ ಮನೆಯದು ಹಾರಿಬಂತಾ?” ಎಂದಳು.

ಸಾಹೇಬ ದೊಡ್ಡವಳತ್ತ ಕೈ ತೋರಿಸಿದ. ಹೆಂಡತಿ ನೋಡಿದಳು, ಕಣ್ಣು ಉಜ್ಜಿ ಮತ್ತೆ ನೋಡಿದಳು. ಆಮೇಲೆ ಅವಳ ಗಂಟಲಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ.

“ಹೆತ್ತ ಮಗಳನ್ನ ಮರೆತೆ ಕಣ್ರೀ. ನನ್ನ ಕಣ್ಣೆದುರಿಗೇ ಇದ್ದಳು. ನಾನು ಮರೆತೆ.”

ಕಣ್ಣಿಗೆ ಏನೋ ಆಗಿದೆ, ಆಯಾಸವಿದೆ ಎಂದು ಸಾಹೇಬ ಸಮಾಧಾನ ಹೇಳಿದ. ತಾನೇ ನಂಬದೆ ಹೇಳಿದ. ದೊಡ್ಡವಳನ್ನು ಮನೆಯಲ್ಲಿ ಬಿಟ್ಟುಹೋಗಲು ಧೈರ್ಯ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋದ. ಇನ್ನೂ ಜನ ಬಾರದ ಹೊಸ ಕಟ್ಟಡ. ಸಿಮೆಂಟಿನ ಘಾಟು, ಗ್ರೀಸಿನ ವಾಸನೆ, ಮೇಲೆಲ್ಲೋ ಮೋಟಾರಿನ ಮೊರೆತ. ಇಬ್ಬರೂ ಲಿಫ್ಟಿನೊಳಗೆ ಹೆಜ್ಜೆಯಿಟ್ಟರು. ಭಾರ ತೋರಿಸುವ ಫಲಕದಲ್ಲಿ ಅಂಕಿ ಮೂಡಿತು.

ಅದು ಅವನೊಬ್ಬನ ತೂಕ.

ಅವನು ಹೊರಗೆ ಬಂದ. ಫಲಕದಲ್ಲಿ ಸೊನ್ನೆ. ಒಳಗೆ ಮಗಳು ಉಕ್ಕಿನ ಗೋಡೆ ಮೂಸುತ್ತ ನಿಂತಿದ್ದಳು. ತುಟಿ ಗುನುಗುತ್ತಿತ್ತು, ಸದ್ದಿಲ್ಲ. ಅವನು ತನ್ನ ಚೀಲವನ್ನು ಒಳಗಿಟ್ಟ. ಫಲಕ ಚೀಲದ ತೂಕ ತೋರಿಸಿತು. ಚೀಲ ತೆಗೆದ. ಸೊನ್ನೆ.

“ಬಾ ಕಂದ. ಹೊರಗೆ ಬಾ.”

ಅವಳು ಬಂದಳು. ಲಿಫ್ಟಿನ ಹೊಸಿಲ ಮೇಲೇ ನಿಂತಳು. ಬಾಗಿಲು ಮುಚ್ಚತೊಡಗಿತು. ಅಡ್ಡ ಯಾರಿದ್ದರೂ ಹಿಂದೆ ಸರಿಯಬೇಕಾದ ಬಾಗಿಲು. ಅದಕ್ಕೆ ಬೆಳಕಿನ ಕಣ್ಣಿದೆ. ನಿನ್ನೆ ತಾನೇ ಪರೀಕ್ಷೆ ಮಾಡಿದ್ದ. ಅದು ಸರಿಯಲಿಲ್ಲ. ಅವಳ ಭುಜಕ್ಕೆ ತಾಗಿತು. ನಿಲ್ಲಲಿಲ್ಲ. ಒತ್ತಿತು. ಅವಳ ಬಾಯಿ ತೆರೆಯಿತು. ಕಿರುಚುತ್ತಿದ್ದಳು. ಕೇಳಿಸಲಿಲ್ಲ. ಅವನು ಕೈ ತೂರಿಸಿದ. ಬಾಗಿಲು ಅವನ ಕೈಯನ್ನು ಕಂಡಿತು. ಥಟ್ಟನೆ ಹಿಂದೆ ಸರಿಯಿತು. ಅವನು ಅವಳನ್ನು ಎಳೆದು ಎದೆಗೆ ಅವುಚಿಕೊಂಡ. ತೋಳಿನಲ್ಲಿ ಭಾರವೇ ಇರಲಿಲ್ಲ. ಬರೀ ಬಿಸಿ ಇತ್ತು. ಮೂಗಿಗೆ ಸುಟ್ಟ ಕೂದಲು.

ಅವನು ಓಡಿದ.

ಗಂಟಜ್ಜಿ ಜಗಲಿಯಲ್ಲಿ ದಾರ ಹೊಸೆಯುತ್ತಿದ್ದಳು. ಅವನ ತೋಳಿನತ್ತ ನೋಡಿ, ಬಹಳ ಹೊತ್ತು ಕಣ್ಣು ಕಿರಿದು ಮಾಡಿ, “ಹೆಣ್ಣುಮಗು ಅಲ್ವಾ?” ಎಂದಳು.

“ಇನ್ನೊಂದು ಗಂಟು ಹಾಕಮ್ಮಾ. ನಿನ್ನ ಕಾಲು ಹಿಡೀತೀನಿ.”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅದಕ್ಕೇ ಎರಡು ಸಲ ಕೇಳಿದೆ. ನೆಲ ಮೂರು ಅಂತ ಒಪ್ಪಿಕೊಂಡಾಗಿದೆ.”

“ಬೀದಿ ಬಿಟ್ಟು ಹೊರಟುಹೋಗ್ತೀವಿ.”

“ಹೋದೋರು ಇದ್ದಾರೆ. ಗಂಟು ಎಷ್ಟಿತ್ತೋ ಅಷ್ಟೇ ಜನ ಹೋದ್ರು.” ಅಜ್ಜಿ ದಾರ ಕೆಳಗಿಟ್ಟಳು. “ಒಂದು ಬಿಚ್ಚಿದ್ರೆ ಒಂದು ಹಾಕಬಹುದು. ನಿಮ್ಮ ಮನೆಯವರೇ ನಾಲ್ಕು ಜನರ ಮುಂದೆ, ಗೊತ್ತಿದ್ದೂ, ಒಬ್ಬರನ್ನ ಇಲ್ಲ ಅನ್ನಬೇಕು. ಹಾಗೆ ಅಂದವರಿಗೆ ಮಾತ್ರ ಯಾವತ್ತೂ ಮರೆವು ಬರಲ್ಲ. ಅದೇ ಅವರಿಗೆ ಶಿಕ್ಷೆ. ನೀನು ಮರೆತಿಲ್ಲ ನೋಡು.”

ಸಂಜೆ ಬಿಸಿಲಿನಲ್ಲಿ ಬೀದಿಯವರೆಲ್ಲ ಅವನ ಮನೆ ಮುಂದೆ ಸೇರಿದರು. ತಲೆ ತಗ್ಗಿಸಿ ನಿಂತ ಸಾಹೇಬನ ಕಿವಿ ಕಾದಿತ್ತು. ಅಷ್ಟು ವರ್ಷ ಯಾವ ಮುಖಗಳಿಗೆ ಅಂಜಿ ಬಾಳಿದ್ದನೋ ಅಂಥವೇ ಮುಖಗಳು ಎದುರಿಗಿದ್ದವು.

“ನನಗೆ ಇನ್ನೊಬ್ಬಳು ಮಗಳಿದ್ದಾಳೆ. ದೊಡ್ಡವಳು. ಮಾತು ಬರಲ್ಲ. ಅವಳನ್ನ ತೋರಿಸೋಕೆ ನನಗೆ ನಾಚಿಕೆ ಆಯ್ತು. ಇಲ್ಲ ಅಂದುಬಿಟ್ಟೆ.”

ಯಾರೂ ಛೀ ಅನ್ನಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸುತ್ತ, ಯಾರಿಗೋ ಎನ್ನುವಂತೆ ಹೇಳಿದರು: “ಅಜ್ಜಿಗೆ ಲೆಕ್ಕ ಹೇಳಿದ್ದು ನಮ್ಮ ಯಜಮಾನರು. ನಮ್ಮನೆ ಅಟ್ಟದ ಮೇಲೆ ಒಂದು ಗಾಲಿಕುರ್ಚಿ ಇದೆ. ಯಾರದು ಅಂತ ನೆನಪಾಗ್ತಾನೇ ಇಲ್ಲ.” ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆ ಬೀದಿ ಅಷ್ಟು ಅಚ್ಚುಕಟ್ಟಾಗಿದ್ದದ್ದು ಯಾಕೆಂದು ಸಾಹೇಬನಿಗೆ ಆಗ ತಿಳಿಯಿತು. ತನ್ನಂಥವರೇ ಆರಿಸಿ ಆರಿಸಿ ಕಟ್ಟಿದ ಬಡಾವಣೆ ಅದು.

ಅಜ್ಜಿ ಹೊಸಿಲ ಕೆಳಗಿನ ದಾರ ಅಗೆದು ತೆಗೆದು ಹೆಂಡತಿಯ ಕಡೆ ತಿರುಗಿದಳು. ಏನು ಹೇಳಬೇಕೆಂದು ಸಾಹೇಬನೇ ಅವಳಿಗೆ ಒಳಗೆ ಹೇಳಿಕೊಟ್ಟಿದ್ದ. ಈಗ ಅಳುತ್ತಾಳೆ, ನಾಲಿಗೆ ತೊದಲುತ್ತದೆ, ಆಗಲ್ಲ ಎನ್ನುತ್ತಾಳೆ ಎಂದು ಅವನು ಕಾದ. ಒಂದಿಷ್ಟು ತಡವರಿಸಿದರೆ ಸಾಕಿತ್ತು, ಅದನ್ನೇ ಇಟ್ಟುಕೊಂಡು ಎಲ್ಲಾದರೂ ಇದ್ದುಬಿಡುತ್ತಿದ್ದ.

“ಮನೇಲಿ ಎಷ್ಟು ಜನ ಮಗಳೇ?”

“ಮೂವರು. ನಾನು, ನನ್ನ ದೊಡ್ಡ ಮಗಳು, ನನ್ನ ಚಿಕ್ಕ ಮಗಳು.”

“ಗಂಡ?”

“ಇಲ್ಲ.”

ಅವಳು ಅವನ ಮುಖ ನೋಡಿಕೊಂಡೇ ಹೇಳಿದಳು. ಅಜ್ಜಿ ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಹೇಳಿದಳು. ಒಂದು ಗಂಟು ಬಿಚ್ಚಿಕೊಂಡಿತು, ಹೊಸದೊಂದು ಗಂಟು ಬಿತ್ತು.

ಬೀದಿಯೆಲ್ಲ ನಡುಗುವಂತೆ ದೊಡ್ಡವಳು ಕಿರುಚಿದಳು. ಯಾವುದೋ ಮನೆಯ ನಾಯಿ ಬೊಗಳಿತು. ಹೆಡ್‌ಮಿಸ್ ಬೆಚ್ಚಿಬಿದ್ದರು. ಅವಳು ಹೋಗಿ ಅವರ ತೋಳು ಮೂಸಿದಾಗ ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಸಾಹೇಬ ಖುಷಿಯಿಂದ ಪಕ್ಕದವನ ಹೆಗಲು ಹಿಡಿದ. ಪಕ್ಕದವನು ತಿರುಗಲಿಲ್ಲ.

ಜನ ಕರಗಿದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾಹೇಬ ಬಾಗಿಲು ತಟ್ಟಿದ. ಸದ್ದು ಬಂತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಮತ್ತೆ ತಟ್ಟಿದ. ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದಳು, ಕಣ್ಣು ನೇರ ಅವನ ಕಣ್ಣಿನಲ್ಲಿ. ಅವಳಿಗೆ ಎಲ್ಲ ನೆನಪಿತ್ತು.

“ಯಾರಮ್ಮಾ?” ಒಳಗಿಂದ ಚಿಕ್ಕವಳು ಕೇಳಿದಳು.

“ಯಾರೂ ಇಲ್ಲ ಪುಟ್ಟಿ.”

ಅವಳು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಅವನಿಗೆ ಸಿಟ್ಟು ಬರಲಿಲ್ಲ. ಬಾಗಿಲು ಸರಿಯಾಗಿ ಮುಚ್ಚಲಿ ಎಂದು ಅವನೇ ಒಂದು ಹೆಜ್ಜೆ ಹಿಂದೆ ಸರಿದ.