ನನ್ನ ಬಾಗಿಲನ್ನೂ ತಟ್ಟಲಿ

"ಒಂದು ವಿಷಯ ಹೇಳ್ಬೇಕು ಫೀನಾ. ಬೇಡ ಅನ್ಬಾರ್ದು."

ರುಬೇನ್ ಹಾಗೆಂದಾಗ ನಾವಿಬ್ಬರೂ ಕಾಲೇಜು ಮೈದಾನದ ಖಾಲಿ ಗ್ಯಾಲರಿಯಲ್ಲಿ ಕೂತಿದ್ದೆವು. ಜೂನ್ ಬಿಸಿಲಿಗೆ ಬೆಂಚು ಕಾದ ಹೆಂಚಾಗಿತ್ತು. ಅವನು ಕ್ಯಾಪು ತೆಗೆದ, ಮತ್ತೆ ಹಾಕಿಕೊಂಡ. ನನ್ನತ್ತ ಕದ್ದು ನೋಡಿದ, ನಾನು ನೋಡಿದ ಕೂಡಲೇ ಕಣ್ಣು ತಪ್ಪಿಸಿದ. ನಾಲ್ಕು ವರ್ಷ ಪ್ರೀತಿಸಿದ ಹುಡುಗ ಹೀಗೆ ಬೆವರಿದರೆ ಯಾವ ಹುಡುಗಿಗೆ ತಾನೇ ಅರ್ಥವಾಗುವುದಿಲ್ಲ?

"ಆಯ್ತು," ಎಂದೆ.

"ಇನ್ನೂ ಹೇಳೇ ಇಲ್ವಲ್ಲೇ!"

"ಏನಾದ್ರೂ ಸರಿ ಕಣೋ. ನಂಗೊಪ್ಪಿಗೆ."

"ನಿಜವಾಗ್ಲೂ? ಅಬ್ಬಾ!" ನನ್ನ ಎರಡೂ ಕೈ ಹಿಡಿದುಕೊಂಡ. "ಅಳ್ತೀಯ ಅಂದ್ಕೊಂಡಿದ್ದೆ. ನಾನು ಸೈನ್ಯಕ್ಕೆ ಸಹಿ ಹಾಕ್ಬಿಟ್ಟೆ. ಮುಂದಿನ ತಿಂಗಳು ಹೊರಡ್ಬೇಕು."

ಉಂಗುರಕ್ಕೆಂದು ಕಾದಿದ್ದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ. ಅತ್ತೆ, ಬೈದೆ, ಅವನ ಕ್ಯಾಪನ್ನು ಕಿತ್ತು ಮೈದಾನಕ್ಕೆ ಎಸೆದೆ. ಅವನು ಹೋಗಿ ಎತ್ತಿಕೊಂಡು ಬಂದು ಮತ್ತೆ ಪಕ್ಕದಲ್ಲೇ ಕೂತ. ಮೂರ್ಖ.

ಅವನ ಸಂಕಟ ನನಗೆ ಗೊತ್ತಿರಲಿಲ್ಲ ಎಂದಲ್ಲ. ರುಬೇನ್ ನಮ್ಮ ಕಾಲೇಜು ಬೇಸ್‌ಬಾಲ್ ತಂಡದ ಕ್ಯಾಚರ್. ಚೆಂಡು ಎಸೆಯುವವನ ಎದುರು ಕುಕ್ಕರಗಾಲಿನಲ್ಲಿ ಕೂತು, ಬಂದದ್ದನ್ನೆಲ್ಲ ಕೈಯಲ್ಲಿ, ಎದೆಯಲ್ಲಿ, ಮಂಡಿಯಲ್ಲಿ ಹಿಡಿಯುವವನು. ದೊಡ್ಡ ತಂಡಗಳ ಕಡೆಯವರು ಟೆಕ್ಸಾಸಿನ ತುದಿಯಲ್ಲಿರುವ ನಮ್ಮ ವ್ಯಾಲಿ ಸೀಮೆಗೆ ಬಂದದ್ದು ಎಸೆಯುವವನನ್ನು ನೋಡಲು. ಹಿಡಿಯುವವನನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಆ ತಂಡಗಳು ಹುಡುಗರನ್ನು ಆರಿಸಿ ಫೋನು ಮಾಡುವ ಮೂರು ದಿನವೂ ಅವನು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಒಂದು ಸಲ ಹೊಡೆದುಕೊಂಡಿತು. ಅದು ನಾನು, ಊಟ ಆಯ್ತಾ ಎಂದು ಕೇಳಲು ಮಾಡಿದ್ದು.

ಸೈನ್ಯ ಮಾತ್ರ ಅವನನ್ನು ಎರಡೂ ಕೈ ಚಾಚಿ ಕರೆದುಕೊಂಡಿತು. ತರಬೇತಿಯಲ್ಲಿ ಗ್ರೆನೇಡ್ ಎಸೆಯಲು ಕೊಟ್ಟಾಗ ಇವನು ಎಸೆದ ದೂರ ನೋಡಿ ಸಾರ್ಜೆಂಟು, "ಲೋ, ಅದು ಶತ್ರುವಿಗೆ ಕಣೋ, ಅವನ ಅಜ್ಜನ ಊರಿಗಲ್ಲ" ಎಂದು ಕಿರುಚಿದನಂತೆ. ಅದನ್ನು ಫೋನಿನಲ್ಲಿ ಹೇಳಿ ನಗಿಸಿದ. ನಕ್ಕು ಫೋನಿಟ್ಟು ಅತ್ತೆ.

ಮೊದಲ ಸಲ ಇರಾಕಿಗೆ ಹೋಗಿ ಎಂಟು ತಿಂಗಳಿದ್ದು ಬಂದ. ಎರಡನೇ ಸಲ ಹೋಗುವ ಮುಂಚೆ ನಾಲ್ಕು ದಿನ ರಜೆ ಸಿಕ್ಕಿತು. ನಾನು ಇನ್ನು ತಡೆಯಲಾರದೆ ಕಾಲುವೆಯ ಪಕ್ಕದಲ್ಲಿ ಕಾರು ನಿಲ್ಲಿಸಿ ಕೇಳಿಯೇ ಬಿಟ್ಟೆ.

"ನಾಳೆ ಕೋರ್ಟಿಗೆ ಹೋಗಿ ಮದುವೆ ಆಗೋಣ."

ಅವನು ಮೆಣಸಿನಪುಡಿ ಉದುರಿಸಿದ ಮಾವಿನ ಐಸ್ ತಿನ್ನುತ್ತಿದ್ದ. ಚಮಚ ಅರ್ಧದಲ್ಲೇ ನಿಂತಿತು. "ಬಂದ್ಮೇಲೆ," ಎಂದ.

"ಹೋದ್ಸಲಾನೂ ಇದೇ ಅಂದೆ. ಬಂದೆ. ಆಮೇಲೆ?"

"ಹೋದ್ಸಲ ಮದುವೆ ಆಗ್ದೇ ಹೋದೆ, ಜೀವಂತ ಬಂದೆ. ಗೆಲ್ತಾ ಇರೋವಾಗ ಏನನ್ನೂ ಬದಲಾಯಿಸ್ಬಾರ್ದು ಫೀನಾ. ನಿಂಗೊತ್ತಿಲ್ವಾ?"

ಗೊತ್ತಿಲ್ಲದೆ ಏನು! ಮೂರನೇ ವರ್ಷ ಅವರ ತಂಡ ಒಂದರ ಹಿಂದೊಂದು ಪಂದ್ಯ ಗೆಲ್ಲುತ್ತಿದ್ದಾಗ ಈ ಮಹಾಶಯ ಕಾಲುಚೀಲವನ್ನೇ ಒಗೆಯಲಿಲ್ಲ. ಒಗೆದರೆ ಗೆಲುವು ಹೋಗುತ್ತದಂತೆ. ರೂಮಿನ ಗೆಳೆಯ ಅವನ್ನು ಕಿಟಕಿಯಾಚೆ ನೇತುಹಾಕಿದ್ದ, ನಾನು ಮೂಗು ಮುಚ್ಚಿಕೊಂಡು ಮುತ್ತು ಕೊಡುತ್ತಿದ್ದೆ. ಕೊನೆಗೆ ಅವನ ಅಮ್ಮ ಎರ್ಲಿಂದಾ ಗೊತ್ತಿಲ್ಲದೆ ಒಗೆದುಹಾಕಿದರು. ಮಾರನೇ ದಿನವೇ ಸೋತರು. ಬೇಸ್‌ಬಾಲ್ ಆಡುವವರಿಗೆ ಇದು ತಮಾಷೆಯಲ್ಲ, ವೇದವಾಕ್ಯ.

"ಅಂದ್ರೆ ನಾನು ನಿನ್ನ ಕೊಳಕು ಕಾಲುಚೀಲಾನಾ?"

ಅವನು ನಕ್ಕ. ನಾನು ನಗಲಿಲ್ಲ.

"ನಿಂಗೇನಾದ್ರೂ ಆದ್ರೆ ಸುದ್ದಿ ಹೇಳೋಕೆ ನಿಮ್ಮಮ್ಮನ ಮನೆಗೆ ಸೈನ್ಯದವರು ಇಬ್ಬರು ಬರ್ತಾರೆ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕ್ಕೊಂಡು. ನನ್ನ ಮನೆಗೆ ಯಾರು ಬರ್ತಾರೆ ರುಬೇನ್?"

"ಬಿಡ್ತು ಅನ್ನು!"

"ಅನ್ನಲ್ಲ. ಅರಾಸೆಲಿಗೆ ಯಾರು ಬಂದು ಹೇಳಿದ್ರು? ಹೇಳು!"

ಅರಾಸೆಲಿ ನನ್ನ ದೊಡ್ಡಮ್ಮನ ಮಗಳು. ಅವಳ ಹುಡುಗನೂ ಸೈನ್ಯದಲ್ಲಿದ್ದ, ಮದುವೆಯಾಗಿರಲಿಲ್ಲ. ಅವನು ಸತ್ತ ಸುದ್ದಿ ಅವಳಿಗೆ ಸಿಕ್ಕಿದ್ದು ಟೋರ್ಟಿಯ ರೊಟ್ಟಿ ಮಾರುವ ಅಂಗಡಿಯ ಸಾಲಿನಲ್ಲಿ, ಮುಂದೆ ನಿಂತಿದ್ದ ಹೆಂಗಸಿನ ಬಾಯಿಂದ. ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಅವನನ್ನು ಮಣ್ಣು ಮಾಡುವ ದಿನ ಚರ್ಚಿನಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಮುಂದೆ ಬಾ ಎಂದು ಕರೆಯಲು ಅವಳು ಯಾರಿಗೆ ಏನಾಗಿದ್ದಳು?

ರುಬೇನ್ ನನ್ನ ಬಾಯಿ ಮುಚ್ಚಿದ. ಅವನ ಬೆರಳು ಮಾವಿನ ಸಿಹಿಗೆ ಅಂಟಂಟಾಗಿತ್ತು. "ಆಟದ ಮಧ್ಯೆ ಇಂಥ ಮಾತಾಡ್ಬಾರ್ದು."

"ಇದು ಆಟ ಅಲ್ಲ ಕಣೋ!" ನಾನು ಕಿರುಚಿದ್ದಕ್ಕೆ ತಂತಿಯ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹೋದವು.

ನಾಲ್ಕನೇ ದಿನ ಬಸ್ ನಿಲ್ದಾಣದಲ್ಲಿ ನನ್ನ ಕೆನ್ನೆಗೆ ಕೆನ್ನೆ ಒತ್ತಿ ಬಹಳ ಹೊತ್ತು ನಿಂತ. "ಹೋಗಿ ಬರ್ತೀನಿ" ಎಂದ. ಮದುವೆಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದ್ದರೆ ಅವನ ಕಾಲು ಹಿಡಿಯುತ್ತಿದ್ದೆ.

ಒಂದು ಸಂಗತಿಯನ್ನು ಮಾತ್ರ ಅವನಿಗೆ ಹೇಳಿರಲಿಲ್ಲ, ಹೇಳಿದರೆ ಅಲ್ಲಿ ಅವನ ಗಮನ ತಪ್ಪೀತೆಂದು. ನಾನು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತೇನೆ. ಅವನು ಮೊದಲ ಸಲ ಹೋದಾಗಿನಿಂದ ಪ್ರತಿ ಸಂಜೆ ಕೆಲಸ ಮುಗಿದ ಮೇಲೆ ಎರ್ಲಿಂದಾ ಅವರ ಬೀದಿಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಅವರ ಮನೆ ಮುಂದೆ ಅಪರಿಚಿತ ಕಾರು ಇಲ್ಲದಿದ್ದರೆ ರುಬೇನ್ ಬದುಕಿದ್ದಾನೆ. ಆಮೇಲಷ್ಟೇ ಮನೆಗೆ ಹೋಗಿ ಊಟ.

ಒಮ್ಮೆ ಒಂದು ಕಪ್ಪು ಕಾರು ನಿಂತಿತ್ತು. ಬಾಗಿಲಲ್ಲಿ ಇಬ್ಬರು, ನೀಟಾಗಿ ಕತ್ತರಿಸಿದ ಕೂದಲು, ಇಸ್ತ್ರಿ ಮಾಡಿದ ಬಟ್ಟೆ. ನಾನು ಕಾರನ್ನು ಚರಂಡಿಗೆ ಇಳಿಸಿ ಅಲ್ಲೇ ಕುಸಿದು ಕೂತೆ. ಅವರು ತಿರುಗಿದಾಗ ನೋಡಿದರೆ ಕೈಯಲ್ಲಿ ಪುಸ್ತಕದ ಕಟ್ಟು. ಮನೆಮನೆಗೆ ಬಂದು ಯೇಸುವಿನ ಮಾತು ಹೇಳುವ ಹುಡುಗರು! "ಅಕ್ಕಾ, ನೀವು ಶಾಂತಿ ಹುಡುಕ್ತಿದ್ದೀರಾ?" ಎಂದು ನನ್ನನ್ನೂ ಕೇಳಿದರು. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಎರಡನೇ ಸಲವೂ ಹಾಗೆಯೇ ದಿನ ತಳ್ಳಿದೆ. ನವೆಂಬರಿನಲ್ಲಿ ಜ್ವರ ಬಂತು. ಎರಡು ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಮೂರನೇ ದಿನ ಬೆಳಗ್ಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಎರ್ಲಿಂದಾ. ಬಿಚ್ಚಿದ ಕೂದಲು, ಮನೆಯೊಳಗಿನ ಚಪ್ಪಲಿ. ಉಗುರಿಗೆ ನೀಲಿ ಬಣ್ಣ ಹಚ್ಚುವ ಹುಡುಗಿ ತನ್ನ ಮಗನಿಗೆ ತಕ್ಕವಳಲ್ಲ ಎಂದು ಚರ್ಚಿನಲ್ಲೆಲ್ಲ ಹೇಳಿಕೊಂಡು ತಿರುಗಿದವರು, ಅವತ್ತಿನವರೆಗೆ ನನ್ನ ಮನೆ ಮೆಟ್ಟಿಲು ತುಳಿದವರಲ್ಲ.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ರುಬೇನ್..." ಎಂದೆ.

ಅವರು ನನ್ನ ಭುಜ ಹಿಡಿದು ಅಲುಗಾಡಿಸಿದರು. "ಏನಾಯ್ತು ಅವನಿಗೆ? ನಿಂಗೆ ಸುದ್ದಿ ಬಂತಾ? ನನ್ನ ಹತ್ರ ಮುಚ್ಚಿಡ್ಬೇಡ ಕಣೇ, ಕಾಲಿಗೆ ಬೀಳ್ತೀನಿ!"

"ನಂಗೆ... ನಂಗ್ಯಾಕೆ ಬರತ್ತಮ್ಮಾ? ನಿಮಗೆ ಬಂದಿದೆ ಅಂದ್ಕೊಂಡೆ!"

"ನಂಗೇನೂ ಬಂದಿಲ್ಲ!"

"ಮತ್ತೆ ನೀವ್ಯಾಕೆ ಬಂದ್ರಿ?"

"ನೀನ್ಯಾಕೆ ಬರ್ಲಿಲ್ಲ?" ಎರ್ಲಿಂದಾ ಬಾಗಿಲಲ್ಲೇ ಕೂತುಬಿಟ್ಟರು. "ಎರಡು ದಿನದಿಂದ ನಿನ್ನ ಬಿಳಿ ಕಾರು ಕಾಣ್ಲಿಲ್ಲ. ಅದು ಹೋಗೋದನ್ನ ನೋಡಿದ್ಮೇಲೇನೇ ನಾನು ಒಲೆ ಹಚ್ಚೋದು. ನೀನು ಸುಮ್ನೆ ಹಾದುಹೋದ್ರೆ ನನ್ನ ಮಗ ಚೆನ್ನಾಗಿದ್ದಾನೆ ಅಂತ. ನಿಂಗೆ ನಂಗಿಂತ ಮೊದ್ಲೇ ಗೊತ್ತಾಗತ್ತೆ ಅಂತ."

ನಾನೂ ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಬೀದಿಗೆ ಕೇಳುವಂತೆ ಅತ್ತೆವು. ಆಮೇಲೆ ನನ್ನ ಹಣೆ ಮುಟ್ಟಿ ನೋಡಿ, "ಅಯ್ಯೋ ದೇವ್ರೇ, ಸುಡ್ತಾ ಇದೆ" ಎಂದು ಒಳಗೆ ಹೋಗಿ ಕೋಳಿ ಸಾರು ಮಾಡಿದರು.

ಅವತ್ತೇ ಅವರಿಗೆ ಮಗ ಫೋನಿನಲ್ಲಿ ಸಿಕ್ಕಿರಬೇಕು. ಎಷ್ಟು ಬೈದರೋ ಕಾಣೆ. ಮಾರನೇ ದಿನ ಅವನ ಫೋನು ಬಂತು. ಲೈನು ತುಂಡು ತುಂಡಾಗಿತ್ತು.

"ದಿನಾನಾ ಫೀನಾ? ದಿನಾ ಹೋಗ್ತಿದ್ಯಾ?"

"ಹೂಂ."

ಅವನು ಅಳುತ್ತಿದ್ದ.

"ನಾನು ಗೆದ್ದು ಬಂದೆ ಅಂದ್ಕೊಂಡಿದ್ದೆ. ನೀನು ಅಲ್ಲಿ ದಿನಾ ಸಾಯ್ತಿದ್ದೆ. ನಂಗೆ ಭಯ ಕಣೇ. ನಿನ್ನನ್ನ ಹೆಂಡ್ತಿ ಅಂದ ತಕ್ಷಣ ಏನೋ ಆಗ್ಬಿಡತ್ತೆ ಅಂತ ಭಯ. ಆದ್ರೆ ನಿಂಗಿಂತ ಜಾಸ್ತಿ ಇನ್ಯಾರನ್ನೂ... ಒಂದು ಮಾತು ಕೇಳ್ತೀನಿ. ಒಪ್ಕೋತೀಯಾ?"

"ಮೊದ್ಲು ಪೂರ್ತಿ ಹೇಳು. ಒಂದ್ಸಲ ಅವಸರ ಮಾಡಿ ಮೋಸ ಹೋಗಿದ್ದೀನಿ."

ಅಳುವಿನ ಮಧ್ಯೆ ನಕ್ಕ. ಆ ನಗುವಿಗೆ ಮಾತ್ರ ಲೈನು ಸ್ವಚ್ಛವಾಗಿತ್ತು. "ನನ್ನನ್ನ ಮದುವೆ ಆಗ್ತೀಯಾ? ಈಗ್ಲೇ?"

ಯುದ್ಧದ ಕೆಲಸಕ್ಕೆ ಹೊರದೇಶಕ್ಕೆ ಹೋದ ಸೈನಿಕನ ಬದಲಿಗೆ ಇನ್ನೊಬ್ಬರು ನಿಂತು ಮದುವೆಯಾಗಲು ನಮ್ಮ ಟೆಕ್ಸಾಸಿನಲ್ಲಿ ಅವಕಾಶವಿದೆ. ಅವನ ಕಾಗದಗಳು ಬಂದ ವಾರವೇ ನಾನು ಕೋರ್ಟಿನಲ್ಲಿ ಬಿಳಿ ಫ್ರಾಕು ತೊಟ್ಟು ನಿಂತೆ. ಎದುರಿಗೆ ವರನ ಜಾಗದಲ್ಲಿ, ಭಾನುವಾರದ ನೇರಳೆ ಬಟ್ಟೆಯಲ್ಲಿ, ಎರ್ಲಿಂದಾ.

"ರುಬೇನ್ ಕವಾಸೋಸ್, ಇವಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ?" ಜಡ್ಜಮ್ಮ ಕೇಳಿದರು.

"ಸ್ವೀಕರಿಸ್ತಾನೆ," ಎಂದರು ಎರ್ಲಿಂದಾ. "ಸ್ವೀಕರಿಸ್ದೆ ಎಲ್ಲಿಗೆ ಹೋಗ್ತಾನೆ?"

"ಸ್ವೀಕರಿಸುತ್ತೇನೆ ಅನ್ನಬೇಕು."

ಎರ್ಲಿಂದಾ ನೆಟ್ಟಗೆ ನಿಂತರು. "ಸ್ವೀಕರಿಸ್ತೀನಿ," ಎಂದು ನನ್ನ ಬೆರಳಿಗೆ ಉಂಗುರ ಹಾಕಿದರು. ನನ್ನ ನೀಲಿ ಉಗುರನ್ನು ನೋಡಿಯೂ ಏನೂ ಅನ್ನಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಇನ್ನು ನಮ್ಮ ಮನೆ ಮುಂದೆ ಹಾದುಹೋಗ್ಬೇಡ. ಒಳಗೆ ಬಾ, ಅಲ್ಲೇ ಇರು. ಅವರು ಬರೋದೇ ಆದ್ರೆ ಒಂದೇ ಬಾಗಿಲಿಗೆ ಬರ್ಲಿ. ಒಬ್ಬಳೇ ಹೋಗಿ ತೆಗೆಯೋ ಶಕ್ತಿ ನಂಗಿಲ್ಲ ಮಗಳೇ."

"ಆಯ್ತು ಅತ್ತೆ," ಎಂದೆ.

ಆ ಸಂಜೆಯೇ ಬಟ್ಟೆಬರೆ ತುಂಬಿಕೊಂಡು ಹೋದೆ. ರುಬೇನ್ ಇನ್ನೂ ಬಂದಿಲ್ಲ. ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಅತ್ತೆಯೂ ನಾನೂ ಒಟ್ಟಿಗೇ ಎದ್ದು ಬಾಗಿಲಿಗೆ ಹೋಗುತ್ತೇವೆ.