ಹಿಂದಿನ ಗಾಲಿಗೆ ಇಟ್ಟ ಇಟ್ಟಿಗೆ

ಬಿಸಿಲಿಗೆ ಕಾದ ರೆಕ್ಸಿನ್, ಅದರೊಳಗಿನ ತೆಂಗಿನ ನಾರು, ಮೇಲಿಷ್ಟು ಪೆಟ್ರೋಲು. ಈ ವಾಸನೆ ಇನ್‌ಸ್ಪೆಕ್ಟರ್ ಲೋಕನಾಥರಿಗೆ ಏಳೆಂಟು ವರ್ಷದವರಿದ್ದಾಗಿನಿಂದ ಗೊತ್ತು. ಅವರ ತಂದೆ ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ದಿನವೂ ಸಂಜೆ ಗಾಡಿ ನಿಲ್ಲಿಸಿ, ಹಿಂದಿನ ಸೀಟನ್ನು ಎತ್ತಿ ಸಂದಿಯಲ್ಲೆಲ್ಲ ಕೈಯಾಡಿಸುತ್ತಿದ್ದರು. ಯಾರದಾದರೂ ವಸ್ತು ಸಿಕ್ಕರೆ ಅದನ್ನು ಮುಟ್ಟಿಸಿ ಬಂದ ಮೇಲೆಯೇ ಊಟ. "ನಾಳೆ ಯಾರೂ ನನ್ನತ್ತ ಬೆರಳು ತೋರಿಸಬಾರದು" ಎನ್ನುತ್ತಿದ್ದರು.

2011ರ ಫೆಬ್ರವರಿ 10, ಗುರುವಾರ, ಬೆಳಿಗ್ಗೆ 10.40ಕ್ಕೆ ಅದೇ ವಾಸನೆ ನವಿ ಮುಂಬಯಿಯ ನೆರೂಳದ ಠಾಣೆಯೊಳಗೆ ಬಂತು. ಅಂಗಿಯಲ್ಲಿ ಅದನ್ನು ಹೊತ್ತು ತಂದವರು ಹೋಟೆಲು ನಡೆಸುವ ಯೋಗೀಶ್. ಸಿಟ್ಟಿನಿಂದ ಅವರು ಕೂರಲೂ ಒಲ್ಲದೆ ನಿಂತೇ ದೂರು ಹೇಳಿದರು. ತಂದೆಯ 1962ರ ಫಿಯೆಟ್ ಕಾರು ಭಿವಂಡಿಯ ಗೋದಾಮಿನಲ್ಲಿ ಇಪ್ಪತ್ತೈದು ವರ್ಷ ಬಿದ್ದಿತ್ತಂತೆ. ಅದನ್ನು ಮನೆಯ ಗ್ಯಾರೇಜಿಗೆ ತಂದು, ಎರಡು ವರ್ಷ ತಾವೇ ಬಿಚ್ಚಿ, ತುಕ್ಕು ಕೆರೆದು, ಬಣ್ಣ ಬಳಿದು ಎಬ್ಬಿಸಿದ್ದರು. ಬರುವ ಭಾನುವಾರ ಬೇಲಾಪುರದಲ್ಲಿ ಹಳೇ ಕಾರುಗಳ ಮೆರವಣಿಗೆಗೆ ಒಯ್ಯುವುದಿತ್ತು. ಬುಧವಾರ ಮಧ್ಯಾಹ್ನ ಯಾರೋ ಒಳನುಗ್ಗಿ ಅದನ್ನು ಜಜ್ಜಿಹಾಕಿದ್ದರು.

ಅತಿಕ್ರಮ ಪ್ರವೇಶ, ಆಸ್ತಿ ಹಾನಿ ಎಂದು ಐಪಿಸಿ ಕಲಂ 451 ಮತ್ತು 427ರಡಿ ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಯೋಗೀಶರ ಗ್ಯಾರೇಜಿನಲ್ಲಿ ಇಬ್ಬರು ನೆರೆಯವರ ಸಮಕ್ಷಮ ಪಂಚನಾಮೆ ಶುರುವಾಯಿತು. ಶ್ರೀಮತಿ ಎಂಬ ಹೆಸರಿನ ಹೆಡ್ ಕಾನ್‌ಸ್ಟೇಬಲ್ ಬಾಗಿಲ ಬಳಿ ನಿಂತೇ ಬರೆಯುತ್ತಿದ್ದಳು. ಯೋಗೀಶರ ಹೆಂಡತಿ ಮಾನಸಿ ಒಳಗಿನಿಂದ ಕುರ್ಚಿ ತಂದು ಅವಳ ಹಿಂದೆ ಇಟ್ಟು, ಚಹಾ ತರಲು ಹೋದಳು.

ಮುಂದಿನ ಗಾಜು, ಎರಡು ದೀಪ, ಬಾನೆಟ್, ನಾಲ್ಕೂ ಬಾಗಿಲು. ಸುತ್ತಿಗೆ ಗ್ಯಾರೇಜಿನದೇ, ಅಲ್ಲೇ ನೆಲದ ಮೇಲಿತ್ತು. ಒಳಗಿನ ಕನ್ನಡಿಯಲ್ಲಿ ಮಾತ್ರ ಕೆಂಪು ದಾರಕ್ಕೆ ಕಟ್ಟಿದ ಒಂಟಿ ಬೆಂಡೋಲೆ ಹಾಗೆಯೇ ತೂಗುತ್ತಿತ್ತು, ಅಪ್ಪಟ ಚಿನ್ನ.

"ಬಂಗಾರ ಬಿಟ್ಟು ಗಾಜು ಒಡ್ದಾನಲ್ರಿ ಸಾಹೇಬ್ರ. ಎಂಥಾ ಕಳ್ಳ ಇವ?" ಎಂದಳು ಶ್ರೀಮತಿ.

ಲೋಕನಾಥ್ ಬಗ್ಗಿ ನೋಡಿದರು. ಎಡಬದಿಯ ಹಿಂದಿನ ಗಾಲಿಗೆ ಒತ್ತಿ ಒಂದು ಇಟ್ಟಿಗೆ ಇತ್ತು.

"ಇದು ನೀವು ಇಟ್ಟದ್ದಾ?"

"ನಾನ್ಯಾಕೆ ಇಡಲಿ? ಹ್ಯಾಂಡ್‌ಬ್ರೇಕ್ ಹೊಸತು ಹಾಕಿದ್ದೇನೆ. ಅಪ್ಪನ ಕಾಲದಲ್ಲಿ ಅದು ಸವೆದು ನಿಲ್ಲುತ್ತಿರಲಿಲ್ಲ, ಆಗ ಕಲ್ಲು ಬೇಕಿತ್ತು."

ಗೋಡೆಯ ಮೇಲೆ ಆ ಕಾಲದ್ದೊಂದು ಫೋಟೊ ತೂಗುತ್ತಿತ್ತು. ಹೋಟೆಲಿನ ಮುಂದೆ ಕಾರು, ಪಕ್ಕದಲ್ಲಿ ಬಿಳಿ ಅಂಗಿಯ ಡ್ರೈವರ್, ಎಡಬದಿಯ ಹಿಂದಿನ ಗಾಲಿಗೆ ಕಲ್ಲು. ಲೋಕನಾಥ್ ಆ ಮನುಷ್ಯನ ಮೇಲೆ ಬೆರಳಿಟ್ಟರು.

"ಅಂಗಾರ ಅಂತ. ಎಂಬತ್ತನಾಲ್ಕರಲ್ಲಿ ಕೆಲಸ ಬಿಟ್ಟು ಹೋದ" ಎಂದರು ಯೋಗೀಶ್.

"ಬಿಟ್ಟು ಹೋದದ್ದಲ್ಲ. ಓಡಿಸಿದ್ದು" ಎಂದಳು ಮಾನಸಿ. ಚಹಾದ ತಟ್ಟೆಯನ್ನು ಶ್ರೀಮತಿಯ ಮುಂದೆ ಹಿಡಿದಳು.

ಉಳಿದದ್ದನ್ನು ಗಂಡನ ಮುಖ ನೋಡದೆ ಅವಳೇ ಹೇಳಿದಳು. ಅತ್ತೆಯ ಒಂದು ಬೆಂಡೋಲೆ ಕಾಣೆಯಾದಾಗ ಅಂಗಾರನನ್ನು ಪೊಲೀಸರಿಗೆ ಕೊಟ್ಟರು. ಎರಡು ದಿನ ಹೊಡೆಸಿಕೊಂಡು ಬಂದವನಿಗೆ ಕೆಲಸವೂ ಹೋಗಿತ್ತು, ಕಳ್ಳನೆಂಬ ಹೆಸರು ಊರಿನವರೆಗೂ ಹೋಗಿತ್ತು. ಎರಡು ತಿಂಗಳ ಹಿಂದೆ ಕಾರಿನ ಹಿಂದಿನ ಸೀಟು ಕಳಚಿದಾಗ, ನಾರಿನ ನಡುವೆ ಆ ಬೆಂಡೋಲೆ ಸಿಕ್ಕಿತು. ಕಳೆದ ಭಾನುವಾರ ಗೇರು ಕೂರಲಿಲ್ಲವೆಂದು ಯೋಗೀಶ್ ಡೊಂಬಿವಲಿಯಿಂದ ಅದೇ ಅಂಗಾರನನ್ನು ಕರೆಸಿದರು. ಅವನು ಎರಡು ಗಂಟೆಯಲ್ಲಿ ಸರಿಮಾಡಿ ಕೊಟ್ಟ. ಕೈ ತೊಳೆದು ಬಂದವನಿಗೆ ಇವರು ನಗುತ್ತಾ ಬೆಂಡೋಲೆ ತೋರಿಸಿದರು.

"ತಮಾಷೆಗೆ ಮಾರಾಯ್ರೆ" ಎಂದರು ಯೋಗೀಶ್. "ಅವನೂ ನಕ್ಕ."

ಲೋಕನಾಥ್ ಅವರತ್ತ ತಿರುಗಿದರು. "ಆಗ ಯಾರೂ ಸೀಟು ಎತ್ತಿ ನೋಡಲಿಲ್ಲವಾ?"

"ಅದು ಪೊಲೀಸರ ಕೆಲಸ ಅಲ್ಲವಾ?"

ಲೋಕನಾಥ್ ಕಾರಿನತ್ತ ನಡೆದರು. ಬಾಗಿಲು ತೆರೆದು, ತಂದೆ ಮಾಡುತ್ತಿದ್ದಂತೆ ಸೀಟಿನ ಅಂಚಿಗೆ ಬೆರಳು ತೂರಿಸಿ ಎತ್ತಿದರು. ಅರ್ಧ ನಿಮಿಷವೂ ಬೇಕಾಗಲಿಲ್ಲ. ಆ ಅರ್ಧ ನಿಮಿಷ ಯಾರಿಗೂ ಇರಲಿಲ್ಲ. ಒಬ್ಬನನ್ನು ಬಡಿಯಲು ಎರಡು ದಿನ ಇತ್ತು. ಹೊಡೆದವರು ತೊಟ್ಟಿದ್ದೂ ಈ ಖಾಕಿಯನ್ನೇ.

"ಬೆಂಡೋಲೆ ಜಪ್ತಿ ಮಾಡಿಕೊಳ್ಳಿ" ಎಂದರು. "ಎಲ್ಲಿ, ಯಾವಾಗ ಸಿಕ್ಕಿದ್ದು ಅನ್ನುವುದನ್ನೂ ಬರೆಯಿರಿ."

ಶ್ರೀಮತಿ ಒತ್ತಿ ಬರೆದ ರಭಸಕ್ಕೆ ಕಾಗದ ಹರಿಯಿತು. ಇನ್ನೊಂದು ಹಾಳೆ ತೆಗೆದಳು.

ಫೆಬ್ರವರಿ 11, ಬೆಳಿಗ್ಗೆ 9.20. ಡೊಂಬಿವಲಿ ಪೂರ್ವದ ಚಾಳಿನ ಒಂದು ಕೋಣೆಯಲ್ಲಿ ಎಪ್ಪತ್ತೊಂದರ ಅಂಗಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದರು. ಪೊಲೀಸರನ್ನು ಕಂಡು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಕಾರು ಒಡೆದದ್ದು ನೀವಾ?"

"ಹೌದು ಸಾರ್."

"ಯಾಕೆ?"

"ಯೋಗೀಶರಿಗೆ, ನಮ್ಮೂರಿನವರ ಸಂಘದ ಸಭೆಯಲ್ಲಿ ನಾಲ್ಕು ಜನರ ಎದುರು 'ಅಂಗಾರ ಕದ್ದಿಲ್ಲ' ಅಂತ ಹೇಳಿ ಅಂದೆ. ಅಷ್ಟೇ ಕೇಳಿದ್ದು. ತೀರಿಹೋದ ಅಮ್ಮನ ಹೆಸರು ಕೆಡುತ್ತದೆ ಅಂದರು." ಅವರು ಅಂಗಿಯ ಗುಂಡಿ ಸರಿಮಾಡಿಕೊಂಡರು. "ಸತ್ತವರಿಗೆ ಹೆಸರು ಉಂಟು, ನನಗೆ ಇಲ್ಲ. ಮೂರು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಹೋದೆ, ಒಡೆದೆ."

"ಗಾಲಿಗೆ ಇಟ್ಟಿಗೆ ಯಾಕೆ ಕೊಟ್ಟಿರಿ?"

ಅಂಗಾರ ಕಣ್ಣರಳಿಸಿ ತಮ್ಮ ಕೈಗಳನ್ನೇ ನೋಡಿಕೊಂಡರು. "ಕೊಟ್ಟಿದ್ದೆನಾ? ಅದು ಉರುಳುತ್ತದಲ್ಲ ಸಾರ್. ಯಾರಿಗಾದರೂ ತಾಗಿದರೆ?"

"ಬೆಂಡೋಲೆ?"

"ಮುಟ್ಟಲಿಲ್ಲ. ಆಗಲೂ ಮುಟ್ಟಿರಲಿಲ್ಲ."

ಬೆಳಿಗ್ಗೆ 10.05ಕ್ಕೆ ಬಂಧನ ಪಂಚನಾಮೆ ಆಯಿತು. ಅಂಗಾರ ಜೀಪಿನ ಹಿಂದೆ ಹತ್ತುವಾಗ ಅವರ ಮೊಣಕೈಯನ್ನು ಶ್ರೀಮತಿ ಹಿಡಿದಳು, ಆಸಾಮಿ ಓಡದಂತೆ ಹಿಡಿಯುವ ಹಿಡಿತ ಅದಾಗಿರಲಿಲ್ಲ.

ಮಧ್ಯಾಹ್ನ ಠಾಣೆಗೆ ಬಂದ ಯೋಗೀಶ್ ಮೊದಲು ಅವನನ್ನು ಒಳಗೆ ಹಾಕಿ ಎಂದು ಮೇಜು ಗುದ್ದಿದರು. ಅಂಗಾರರ ಹೇಳಿಕೆಯ ಪ್ರತಿ ಓದಿದ ಮೇಲೆ ದನಿ ಇಳಿಯಿತು. ದೂರು ಹಿಂದೆ ತೆಗೆದುಕೊಳ್ಳಬಹುದೇ ಎಂದು ಕೇಳಿದರು.

"ಬರೆದದ್ದನ್ನು ನಾನು ಅಳಿಸುವುದಿಲ್ಲ" ಎಂದರು ಲೋಕನಾಥ್. "ಅವರು ಒಡೆದದ್ದೂ ಕೋರ್ಟಿಗೆ ಹೋಗುತ್ತದೆ. ಬೆಂಡೋಲೆ ಎಲ್ಲಿ ಸಿಕ್ಕಿತು ಅನ್ನುವುದೂ ಹೋಗುತ್ತದೆ. ಸಂಘದಲ್ಲಿ ನೀವು ಹೇಳದಿದ್ದದ್ದನ್ನು ಅಲ್ಲಿ ವಕೀಲರು ಕೇಳುತ್ತಾರೆ. ಗಟ್ಟಿಯಾಗಿ ಉತ್ತರ ಕೊಡಿ."

ಯೋಗೀಶ್ ಹೊರಟು ಹೋದರು.

ಸಿಟ್ಟಿಗೆ ಕಾನೂನಿನಲ್ಲಿ ಜಾಗವಿಲ್ಲ. ಅಂಗಾರ ತಪ್ಪು ಮಾಡಿದ್ದರು, ಹಾಗೆಂದು ಬರೆದೂ ಆಗಿತ್ತು. ಬೆಂಚಿನ ತುದಿಯಲ್ಲಿ ಅವರು ಜಾಮೀನಿಗೆ ಬರಬೇಕಾದ ಮಗನ ದಾರಿ ಕಾಯುತ್ತಿದ್ದರು. ಇಪ್ಪತ್ತೇಳು ವರ್ಷಗಳ ನಂತರ ಒಂದು ಸರಕಾರಿ ಹಾಳೆಯಲ್ಲಿ ಅವರು ಕದ್ದಿಲ್ಲವೆಂಬುದು ದಾಖಲಾಗಿತ್ತು. ಅದರ ಕೆಳಗೆ ತಮ್ಮ ಸಹಿ ಒಣಗಿತೇ ಎಂದು ಅವರು ಎರಡು ಸಲ ಕೇಳಿದ್ದರು.

1.30ಕ್ಕೆ ಮಾನಸಿ ಒಬ್ಬಳೇ ಬಂದಳು. ಸೀಟಿನಲ್ಲಿ ಬೆಂಡೋಲೆ ಸಿಕ್ಕಿದ್ದನ್ನು ಕಂಡ ಸಾಕ್ಷಿಯಾಗಿ ಹೇಳಿಕೆ ಕೊಟ್ಟಳು. ಆಮೇಲೆ ಬೆಂಚಿನ ಬಳಿ ಹೋಗಿ ಚೀಲದಿಂದ ಸ್ಟೀಲಿನ ಕ್ಯಾರಿಯರ್ ತೆಗೆದಳು. ಶ್ರೀಮತಿ ಫೈಲುಗಳನ್ನು ಬದಿಗೆ ಸರಿಸಿ ಪೇಪರ್ ಹಾಸಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು, ಇನ್ನೂ ಬಿಸಿ ಇತ್ತು. ಮಾನಸಿ ಎರಡೂ ಡಬ್ಬಿಗಳನ್ನು ಅಂಗಾರರ ಮುಂದಿಟ್ಟು, ಒಂದು ಲೋಟ ನೀರು ತರಲು ಹೋದಳು.